ಬಿಳಿ ಬಾವುಟದ ನೀರು

ಗಾಳಿ ತಿರುಗಿತು, ಹೌದು, ತಿರುಗಿತು, ಕತ್ತಿನ ಎಡಗಡೆ ತಣ್ಣಗಾಗುತ್ತಿದ್ದದ್ದು ಈಗ ಬಲಗಡೆ, ಅಂದರೆ ಕಕ್ಕಸು ಗುಂಡಿಗಳ ವಾಸನೆ ಇನ್ನು ಅಡುಗೆ ಡೇರೆಯ ಕಡೆಗೆ ಹೊಡೆಯುತ್ತದೆ, ಊಟಕ್ಕೆ ಕೂತವರು ಮೂಗು ಮುಚ್ಚಿಕೊಂಡು ನನ್ನನ್ನು ಬೈಯುತ್ತಾರೆ, ಬೈಯಲಿ, ಕಕ್ಕಸಿನ ಕರ್ನಲ್ ಎಂದು ಹೆಸರಿಟ್ಟವರು ಬೈಯದೆ ಮುತ್ತು ಕೊಡುತ್ತಾರೆಯೇ, ಇನ್ನೊಂದು ಪದರ ಮಣ್ಣು ಹಾಕಿಸಬೇಕು, ಮೇಲೆ ಸುಣ್ಣ, ಹಲಗೆಯ ಮುಚ್ಚಳ ಸರಿಯಾಗಿ ಕೂತಿದೆಯೋ ನೋಡಬೇಕು, ನೊಣಕ್ಕೆ ಬೆರಳು ತೂರುವಷ್ಟು ಸಂದು ಸಾಕು, ಅಲ್ಲಿಂದ ಎದ್ದದ್ದು ಸೀದಾ ತಟ್ಟೆಯ ಮೇಲೆ, ಅದಕ್ಕೇನು ಮೇಜರ್ ತಟ್ಟೆ, ಸಿಪಾಯಿ ತಟ್ಟೆ ಎಂಬ ಭೇದವೇ — ಆ ಕಡೆ ನೋಡಬಾರದು, ಗಾಳಿ ನೋಡು, ಗುಂಡಿ ನೋಡು, ಆ ಕಡೆ ಮಾತ್ರ ಬೇಡ — ನೋಡಿಯೇಬಿಟ್ಟೆ. ಇಳಿಜಾರಿನಲ್ಲಿ, ಹಗ್ಗದಾಚೆ, ಕಾಯಿಲೆಯವರ ಡೇರೆ. ಅದರೊಳಗೆ ಅಕ್ಕನ ಮಗ ಮಲಗಿದ್ದಾನೆ, ನಮ್ಮ ಬಾತು, ವಾಂತಿ ಭೇದಿಯಲ್ಲಿ ಹಿಂಡಿ ಹಿಪ್ಪೆಯಾಗಿ, ನಾನು ಇಲ್ಲಿ ಸುಣ್ಣದ ಬಕೆಟ್ಟು ಹಿಡಿದು ನಿಂತಿದ್ದೇನೆ, ಹಗ್ಗ ಕಟ್ಟಿಸಿದವನೂ ನಾನೇ, ನೀರು ಮುಟ್ಟುವವನು ಕಾಯಿಲೆಯವರನ್ನು ಮುಟ್ಟಕೂಡದು, ಕಾಯಿಲೆಯವರನ್ನು ಮುಟ್ಟಿದವನು ನೀರಿನ ತೊಟ್ಟಿಯ ಹತ್ತಿರ ಸುಳಿಯಕೂಡದು, ಎಲ್ಲ ಕ್ಯಾಂಪಿನಲ್ಲೂ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದ ಮಾತು, ಯಾರೋ ಒಬ್ಬ ಅಡುಗೆಯವನು ತನ್ನ ಗೆಳೆಯನನ್ನು ನೋಡಿ ಬರುತ್ತೇನೆಂದು ಹಗ್ಗ ದಾಟಿದಾಗ ಕೊರಳಪಟ್ಟಿ ಹಿಡಿದು ಎಳೆದು ತಂದಿದ್ದೆ, ನಿಂಗೊಬ್ಬನಿಗೇ ಏನೋ ಕರುಳಿರೋದು ಅಂದಿದ್ದೆ. ಈಗ ನನ್ನ ಕರುಳಿನ ಸರದಿ. ಬೆಳಿಗ್ಗೆ ಡಾಕ್ಟರು ಹಗ್ಗದ ಆಚೆಯಿಂದಲೇ ಹೇಳಿದರು, ಇವತ್ತೊಂದು ದಿನ ಕುಡಿದ ನೀರು ಹೊಟ್ಟೇಲಿ ನಿಂತ್ರೆ ಗೆದ್ದ ಅನ್ಕೊಳ್ಳಿ, ನಿಲ್ಲದಿದ್ರೆ ಏನು ಹೇಳ್ಲಿ, ನಿಮಗೆ ಗೊತ್ತಿಲ್ದೇ ಇರೋದಾ. ಒಂದ್ಸಲ ಒಳಗೆ ಬಂದು ಹೋಗ್ಲಾ ಸಾರ್ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಬನ್ನಿ, ಆದ್ರೆ ಆಮೇಲೆ ತೊಟ್ಟಿ ಯಾರು ನೋಡ್ತಾರೆ, ನಿಮ್ಮ ಕೈಕೆಳಗಿನವನೂ ಇಲ್ಲೇ ಮಲಗಿದಾನಲ್ರೀ, ಸಂಜೆ ಲಾರೀಲಿ ಬದಲಿ ಆಳು ಬರ್ತಾನೆ, ಅಲ್ಲೀವರೆಗೆ ತಡ್ಕೊಳ್ಳಿ ಎಂದರು. ತಡೆದುಕೊಂಡಿದ್ದೇನೆ.

ತೊಟ್ಟಿಯ ನೀರು ತಿಳಿಯಾಗಿದೆ, ಬ್ಲೀಚಿಂಗ್ ಪುಡಿ ಕದಡಿ ಹಾಕಿದ್ದಾಯಿತು, ಈಗ ಕಾಯಬೇಕು, ಈ ಕೆಲಸದಲ್ಲಿ ಮುಕ್ಕಾಲುಪಾಲು ಕಾಯುವುದೇ, ಅವಸರ ಮಾಡಿದರೆ ಪುಡಿ ಇದ್ದೂ ಇಲ್ಲದ ಹಾಗೆ, ಒಂದು ಗುಟುಕು ಬಾಯಿಗೆ ಹಾಕಿಕೊಂಡೆ, ನಾಲಿಗೆಯ ಮೇಲೆ ಆ ಕಟು ರುಚಿ, ಇನ್ನೂ ಸ್ವಲ್ಪ ಹೊತ್ತು. ಥೂ, ಔಷಧಿ ಕುಡಿದ ಹಾಗಿದೆ ಎನ್ನುತ್ತಾರೆ ಎಲ್ಲರೂ, ಬಾತು ಮಾತ್ರ ಹಾಗೆನ್ನಲಿಲ್ಲ, ರಜೆಗೆ ಹೋದಾಗ ಮನೆಯ ನೀರು ಕುಡಿದು, ಇದೇನಮ್ಮ, ಮಾವನ ರುಚೀನೇ ಇಲ್ಲ ಇದ್ರಲ್ಲಿ ಅಂದನಂತೆ, ಅಕ್ಕ ಬಿದ್ದು ಬಿದ್ದು ನಕ್ಕಳಂತೆ. ಅಕ್ಕ. ಇವನು ಸೈನ್ಯಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ಒಂದು ತೊಟ್ಟೂ ನೀರಿರಲಿಲ್ಲ, ನೋಡೋ, ಗುಂಡಿನ ಮಾತು ಬಿಡು, ಅದು ಯಾರ ಕೈಲೂ ಇಲ್ಲ, ಆದ್ರೆ ಅವರಪ್ಪ ಹೋದ ಹಾಗೆ ಇವನು ಹೋಗೋದು ಬೇಡ ಕಣೋ, ಕ್ಯಾಂಪಿನ ಕೊಳಕು ನೀರಿಗೆ ಒಬ್ಬರನ್ನ ಕೊಟ್ಟಾಯ್ತು, ಸಾಕು. ಅಯ್ಯೋ ಹುಚ್ಚಿ, ನಾನಿಲ್ವೇನೇ ಎಂದೆ. ಅದಕ್ಕೇ ಅಲ್ವೇನೋ ಧೈರ್ಯವಾಗಿ ಕಳಿಸ್ತಿರೋದು ಎಂದಳು. ನಾನಿಲ್ವೇನೇ, ನಾನಿಲ್ವೇನೇ, ಎಂಥ ದೊಡ್ಡ ಮನುಷ್ಯ ನಾನು. ಕಾಯಿಲೆಯವರ ಡೇರೆಗೆ ಗಾಳಿಯಾಡಲೆಂದು ಪ್ರತಿ ಮಂಚದ ಪಕ್ಕದ ಪರದೆಯನ್ನೂ ಕೆಳಗಿನಿಂದ ಮೊಳದಷ್ಟು ಸುತ್ತಿ ಮೇಲೆ ಕಟ್ಟಿಸಿದ್ದೇನೆ, ಆ ಸಂದಿನಲ್ಲಿ ಸಾಲಾಗಿ ಕಾಲುಗಳು ಕಾಣುತ್ತವೆ, ಮುಖ ಕಾಣುವುದಿಲ್ಲ, ಕೊನೆಯ ಎರಡು ಕಾಲು ನಮ್ಮವು, ಗುರುತಿಗೆ ಮುಖ ಯಾಕೆ, ಎರಡನೆಯ ಬೆರಳೂ ಮೂರನೆಯ ಬೆರಳೂ ಅಂಟಿಕೊಂಡ ಕಾಲು, ಅಕ್ಕನದೂ ಹಾಗೆ, ನನ್ನದೂ ಹಾಗೆ, ಇವನು ಹುಟ್ಟಿದ ದಿನ ಅಮ್ಮ ಮಗುವಿನ ಕಾಲು ನೋಡಿ, ಬಂತಪ್ಪ ಮನೆಗೆ ಇನ್ನೊಂದು ಬಾತುಕೋಳಿ ಎಂದದ್ದೇ ಹೆಸರಾಗಿ ನಿಂತಿತು. ಈಗ ಕಾಲು ಅಲುಗಿತು. ಬಲಗಾಲು. ಅಲುಗಿದರೆ ಒಳ್ಳೆಯದು, ನೀರು ನಿಂತಿರಬೇಕು, ನಿಲ್ಲು ತಾಯಿ, ಅವನ ಹೊಟ್ಟೆಯಲ್ಲಿ ನಿಲ್ಲು.

ಆ ದರಿದ್ರ ಬನಿಯನ್ನು. ಯಾರದೆಂದು ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ. ಕ್ಯಾಂಪು ಹಾಕಿದ ದಿನವೇ ಬಾವುಟ ನೆಟ್ಟಿದ್ದೆ, ಕುಡಿಯುವ ನೀರಿನ ತೊಟ್ಟಿಗೆ ಬಿಳಿ, ಕುದುರೆಗಳಿಗೆ ನೀಲಿ, ಮೈ ತೊಳೆಯುವ ಬಟ್ಟೆ ಒಗೆಯುವ ತೊಟ್ಟಿಗೆ ಕೆಂಪು, ಓದು ಬಾರದವನಿಗೂ ತಿಳಿಯಬೇಕು, ಬಾಯಾರಿ ಕಣ್ಣು ಕತ್ತಲಿಟ್ಟವನಿಗೂ ತಿಳಿಯಬೇಕು, ತೊಟ್ಟಿಗಳೆಲ್ಲ ಒಂದೇ ಥರದ ಕ್ಯಾನ್ವಾಸು, ಬಾವುಟವೇ ಗುರುತು. ಯಾವನೋ ಪುಣ್ಯಾತ್ಮ ಬನಿಯನ್ನು ಒಗೆದವನು ಒಣಹಾಕಲು ಜಾಗ ಸಿಗದೆ ಕೆಂಪು ಬಾವುಟದ ಕೋಲಿಗೇ ಸಿಕ್ಕಿಸಿ ಹೋಗಿದ್ದಾನೆ, ಕೆಂಪು ಮುಚ್ಚಿಹೋಗಿದೆ, ಬಿಳಿ ಬನಿಯನ್ನು ಗಾಳಿಗೆ ಪಟಪಟ ಹಾರುತ್ತಿದೆ, ಅದೇ ಹೊತ್ತಿಗೆ ಬಾತುವಿನ ತುಕಡಿ ನಡೆದು ನಡೆದು ಸುಸ್ತಾಗಿ ಬಂದಿದೆ, ನಾನು ಆಚೆ ತುದಿಯಲ್ಲಿ ಹೊಸ ಗುಂಡಿ ಅಗೆಸುತ್ತಿದ್ದೇನೆ. ಜೊತೆಯವರಲ್ಲಿ ಒಬ್ಬಿಬ್ಬರು ಅನುಮಾನ ಪಟ್ಟರಂತೆ, ನೀರು ಯಾಕೋ ಮಬ್ಬಾಗಿದೆ ಅಂದರಂತೆ, ಇವನು ಎಲ್ಲರಿಗಿಂತ ಮುಂದೆ ನುಗ್ಗಿ, ಏ, ಬಿಳೀ ಬಾವುಟ ಕಾಣ್ಸಲ್ವೇನ್ರೋ, ನಮ್ಮ ಮಾವನ ನೀರು, ಕಣ್ಣು ಮುಚ್ಕೊಂಡು ಕುಡೀರಿ ಎಂದು ತಾನೇ ಮೊದಲು ಬಾಟಲಿ ಮುಳುಗಿಸಿ ಗಟಗಟ ಕುಡಿದನಂತೆ. ನಮ್ಮ ಮಾವನ ನೀರು. ಅಯ್ಯೋ ನನ್ನ ಕಂದ, ಮೂಸಿ ನೋಡಬಾರದಿತ್ತೇನೋ, ನನ್ನ ನೀರು ಗಬ್ಬು ನಾರುತ್ತೆ ಅಂತ ಲೋಕವೆಲ್ಲ ಹೇಳುತ್ತದೆ, ನಾರಲಿಲ್ಲ ಅಂದ ಮೇಲೆ ನಂದಲ್ಲ ಅಂತ ನಿನಗೊಬ್ಬನಿಗೆ ಹೊಳೆಯಲಿಲ್ಲವೇನೋ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ. ನಿನ್ನೆ ಮಧ್ಯಾಹ್ನ ಸ್ವಲ್ಪ ಚೇತರಿಸಿಕೊಂಡಿದ್ದ, ಪರದೆಯ ಸಂದಿನಿಂದ ಧ್ವನಿ ಬಂತು, ಮಾವ, ಇದೀಯಾ. ಇದೀನಿ ಕಣೋ, ಇಲ್ಲೇ ಇದೀನಿ. ಮಾವ, ನಿನ್ನ ಕಕ್ಕಸಿಗೆ ನನ್ನಂಥಾ ಗಿರಾಕಿ ಇನ್ನೊಬ್ಬ ಸಿಗಲ್ಲ ಬಿಡು. ನಕ್ಕೆ, ನಗುತ್ತಲೇ ಕಣ್ಣು ತುಂಬಿಬಂತು, ಹಗ್ಗ ಹಿಡಿದುಕೊಂಡೆ. ಆಮೇಲೆ ಅವನ ಧ್ವನಿ ಸಣ್ಣದಾಯಿತು, ಮಾವ, ಬಿಳೀ ಬಾವುಟ ನೋಡೇ ಕುಡ್ದೆ, ನಿನ್ನಾಣೆ, ಮತ್ತೆ ಹೀಗ್ಯಾಕಾಯ್ತು, ನೀನು ಪುಡಿ ಹಾಕೋದು ಮರೆತ್ಯಾ. ಮರೆತಿದ್ದಲ್ಲ ಕಣೋ, ಅದು ಬಾವುಟವೇ ಅಲ್ಲ ಎಂದು ಕೂಗಿ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನಿಗೆ ಮತ್ತೆ ವಾಂತಿ ಶುರುವಾಯಿತು, ಆಳುಗಳು ಓಡಿದರು, ಡಾಕ್ಟರು ಕೈಬೀಸಿ ಹೋಗಿ ಹೋಗಿ ಎಂದರು. ಅವನ ಮನಸ್ಸಿನಲ್ಲಿ ಹಾಗೇ ಉಳಿದಿದೆ, ಮಾವ ಪುಡಿ ಮರೆತ, ಮಾವನನ್ನು ನಂಬಿದೆ, ಮಾವ ಮರೆತ. ಅದೊಂದನ್ನು ತೆಗೆದುಹಾಕಬೇಕು. ಒಳಗೆ ಹೋಗಿ, ಪಕ್ಕದಲ್ಲಿ ಕೂತು, ಕಾಲು ಒತ್ತುತ್ತಾ, ಲೋ ಬಾತು, ಅದು ಯಾವನದೋ ಹರಕು ಬನಿಯನ್ನು ಕಣೋ, ಬನಿಯನ್ನಿಗೆ ಸೆಲ್ಯೂಟ್ ಹೊಡೆದು ನೀರು ಕುಡಿದೆಯಲ್ಲೋ ದಡ್ಡ ಎಂದರೆ ಸಾಕು, ಅವನು ನಗುತ್ತಾನೆ, ಅವನಿಗೆ ನಗಲು ಇಷ್ಟೇ ಸಾಕು.

ಧೂಳು — ದಾರಿಯಲ್ಲಿ ಧೂಳೆದ್ದಿದೆ, ಲಾರಿಯೇ, ಸಂಜೆ ಎಂದದ್ದು ಇಷ್ಟು ಬೇಗ ಬಂತೇ, ದೇವರು ದೊಡ್ಡವನು, ಬಂತು, ನಿಂತಿತು, ಹಿಂದಿನಿಂದ ಇಳಿದವನೇ ಇರಬೇಕು, ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಸುತ್ತ ನೋಡುತ್ತಿದ್ದಾನೆ, ನೀರು ನೋಡ್ಕೊಳ್ಳೋಕೆ ಬಂದೋರು ನೀವೇನಾ ಎಂದೆ, ಹೌದಣ್ಣ, ಊಟ ಆಗಿಲ್ಲ ಎಂದ, ಊಟ ಆಮೇಲೆ ಮಾಡುವಿರಂತೆ, ಇದು ತೊಟ್ಟಿ, ಇದು ಕದಡೋ ಕೋಲು, ಪುಡಿ ಹಾಕಿದೀನಿ, ಕಾದಿದೀನಿ, ನಾಲಿಗೆ ಮೇಲೆ ಇಟ್ಟು ನೋಡಿ ಆಮೇಲೆ ಬಿಡಿ, ಬಾವುಟದ ಕೋಲಿಗೆ ಯಾರಾದ್ರೂ ಬಟ್ಟೆ ಸಿಕ್ಕಿಸಿದ್ರೆ ಕೈ ಮುರೀರಿ, ನಾನು ಹೊರಟೆ. ಅಣ್ಣ, ಎಲ್ಲಿಗೆ ಎಂದ. ಅಕ್ಕನ ಮಗನನ್ನ ನೋಡೋಕೆ ಎಂದೆ, ಹೇಳುವಾಗಲೇ ಎದೆ ಹಗುರಾಯಿತು, ಇಳಿಜಾರಿನಲ್ಲಿ ಕಾಲು ತಾನಾಗಿ ಓಡುತ್ತಿದೆ, ಈ ವಯಸ್ಸಿನಲ್ಲಿ ಓಡುತ್ತಿದ್ದೇನೆ, ನಗಿಸುತ್ತೇನೆ, ಬನಿಯನ್ನು ಎಂದ ತಕ್ಷಣ ನಗುತ್ತಾನೆ, ಹಗ್ಗ ಎತ್ತಿದೆ, ಬಗ್ಗಿದೆ, ದಾಟಿದೆ — ಡೇರೆಯ ಹೊರಗೆ ಆಳು ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಕೊನೆಯ ಮಂಚದ ಕಡೆ, ಸುತ್ತಿ ಕಟ್ಟಿದ್ದ ಪರದೆಯನ್ನು ಬಿಚ್ಚಿ ಕೆಳಗೆ ಬಿಡುತ್ತಿದ್ದಾನೆ, ಅದೊಂದನ್ನೇ, ಮಿಕ್ಕವು ಮೇಲೇ ಇವೆ, ಏ, ಯಾಕೋ ಇಳಿಸ್ತೀಯಾ, ಎತ್ತೋ, ಒಳಗೆ ಗಾಳಿ ಆಡಬೇಕು ಅಂತ ಎಷ್ಟು ಸಲ ಹೇಳ್ಬೇಕೋ ನಿಮಗೆ, ಯಾರಾದರೂ ಹೋದಾಗ ಮಾತ್ರ ಇಳಿಸುವುದು, ಮೊನ್ನೆ ಆ ಕುದುರೆಯವನು ಹೋದಾಗ ಇಳಿಸಿದ್ದರು, ಇದು ಅವನ ಮಂಚ ಅಲ್ಲ ಕಣೋ, ಇದು ನಮ್ಮ ಬಾತುವಿನದು, ಎತ್ತೋ. ಆಳು ತಿರುಗಿ ನೋಡಿದ, ತಲೆ ತಗ್ಗಿಸಿದ, ಅವನ ಕೈ ಪರದೆಯ ಅಂಚನ್ನು ಗೂಟಕ್ಕೆ ಎಳೆದು ದಾರ ಸುತ್ತಿತು, ಗಂಟು ಹಾಕಿತು. ಎತ್ತೋ ಅಂದ್ನಲ್ಲ. ಕೈ ಮುಂದಿನ ಗೂಟಕ್ಕೆ ಸರಿಯಿತು, ದಾರ ಸುತ್ತಿತು, ಗಂಟು. ನಾನು ಬಂದಿದೀನಿ ಅಂತ ಹೇಳು ಅವನಿಗೆ, ಅದು ಬನಿಯನ್ನು ಅಂತ — ಕೈ, ದಾರ, ಗಂಟು. ಅಕ್ಕ — ಕೈ, ದಾರ, ಆ ಕೈ ಗಂಟು ಹಾಕುತ್ತಿದೆ, ಗಂಟು ಹಾಕುತ್ತಿದೆ