ಬೂಟು ಕಾರ್ಖಾನೆ ಪಕ್ಕದ ಬೇಲಿ

ಲೈಲ್ ಹಾಬರ್ಗ್ ತಟ್ಟೆಯ ಮುಂದೆ ಕೂರುತ್ತಿದ್ದ, ಎರಡು ತುತ್ತು ತಿಂದು ಎದ್ದು ಕಿಟಕಿಗೆ ಹೋಗುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಬೇಲಿ ಹಾಕಿದಾಗಿನಿಂದ ದಿನಾ ಬೆಳಗ್ಗೆ ಇದೇ ಆಗಿತ್ತು.

“ಬೇಲಿ ಎಲ್ಲೂ ಓಡಿಹೋಗಲ್ಲ, ಕೂತು ಮೊಟ್ಟೆ ತಿನ್ನು,” ಎಂದಳು ಹೆಂಡತಿ ಮಾರ್ಲಿಸ್.

ಅವರ ಹಿತ್ತಲಿನ ಖಾಲಿ ಜಾಗದಾಚೆ ಆಲ್ಡರ್ಟನ್ ಊರಿನ ಹಳೆಯ ಬೂಟು ಕಾರ್ಖಾನೆಯಿತ್ತು. ವರ್ಷಗಟ್ಟಲೆ ಪಾರಿವಾಳಗಳ ಪಾಲಾಗಿದ್ದ ಆ ಇಟ್ಟಿಗೆ ಕಟ್ಟಡವನ್ನು ಒಂದು ಕಂಪನಿ ಕೊಂಡು, ಸರ್ಕಾರದ ತೆರಿಗೆ ರಿಯಾಯಿತಿಯ ಬಲದಿಂದ ಕಡಿಮೆ ಸಂಬಳದವರಿಗೆ ಬಾಡಿಗೆ ಮನೆಗಳನ್ನಾಗಿ ಮಾಡಿತ್ತು. ಬೇಸಿಗೆಯಲ್ಲಿ ಜನ ಬಂದು ತುಂಬಿದರು. ಮನೆ ಮುಂದಿನ ಹೆದ್ದಾರಿಯಲ್ಲಿ ಬಸ್ಸು ಹಿಡಿಯಲು ಹತ್ತಿರದ ದಾರಿ ಲೈಲ್‌ನ ಜಾಗದಲ್ಲೇ ಹಾದುಹೋಗುತ್ತಿದ್ದುದರಿಂದ ಅವರೆಲ್ಲ ಅಲ್ಲೇ ಹುಲ್ಲು ತುಳಿದು ಓಡಾಡತೊಡಗಿದರು. ಎಲೆ ಉದುರುವ ಹೊತ್ತಿಗೆ ಲೈಲ್ ಆಳೆತ್ತರದ ಹಲಗೆ ಬೇಲಿ ಎಬ್ಬಿಸಿದ. ಊರವರೆಲ್ಲ ಸೇರುವ ಶುಕ್ರವಾರದ ಮೀನೂಟದಲ್ಲಿ ಅಕ್ಕಪಕ್ಕದವರು ಅವನ ಬೆನ್ನು ತಟ್ಟಿದರು.

ಈಗ ಹಿಮ ಬಿದ್ದಿತ್ತು. ಜನ ಸುತ್ತುಹಾಕಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದರು. ಮರದ ದಿಮ್ಮಿ ಹೊತ್ತ ಲಾರಿಗಳು ಅವರ ಮೈ ಸವರುವಂತೆ ಹಾದುಹೋಗುತ್ತಿದ್ದವು.

“ಕಾರ್ಖಾನೆ ನಡೀತಿದ್ದಾಗ್ಲೂ ಜನ ಇಲ್ಲೇ ಓಡಾಡ್ತಿದ್ರು. ನಿಮ್ಮಪ್ಪ ಬೇಲಿ ಹಾಕಿರ್ಲಿಲ್ಲ,” ಎಂದಳು ಮಾರ್ಲಿಸ್.

“ಅವರು ದುಡಿಯೋ ಜನ. ಇವರು ನನ್ನ ತೆರಿಗೇಲಿ ಮನೆ ಹೊಡ್ಕೊಂಡೋರು.”

“ಅವರಲ್ಲಿ ಯಾರನ್ನಾದ್ರೂ ಮಾತಾಡ್ಸಿದ್ದೀಯಾ?”

ಲೈಲ್ ಎದ್ದು ಮುಂಬಾಗಿಲ ಕಿಟಕಿಗೆ ಹೋದ. ಹೆದ್ದಾರಿಯ ಅಂಚಿನಲ್ಲಿ ಒಬ್ಬ ಹೆಂಗಸು ಮುದುಕಿಯೊಬ್ಬಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದಳು. ಹಿಂದಿನಿಂದ ಹಿಮ ತಳ್ಳುವ ಲಾರಿ ಬಂತು. ಹೆಂಗಸು ಗಾಬರಿಯಾಗಿ ಕುರ್ಚಿಯನ್ನು ಪಕ್ಕಕ್ಕೆ ಎಳೆದಳು. ಗಾಲಿ ಜಾರಿ ಕುರ್ಚಿ ಚರಂಡಿಗೆ ಮಗುಚಿತು.

ಲೈಲ್ ಕೋಟೂ ಹಾಕಿಕೊಳ್ಳದೆ ಓಡಿದ. ಇಬ್ಬರೂ ಸೇರಿ ಮುದುಕಿಯನ್ನು ಎತ್ತಿ ಕೂರಿಸಿದರು. ಅವಳಲ್ಲಿ ತೂಕವೇ ಇರಲಿಲ್ಲ.

“ಅಮ್ಮ, ಪೆಟ್ಟಾಯ್ತಾ?” ಎಂದಳು ಆ ಹೆಂಗಸು.

“ನನ್ನ ಟೋಪಿ ಎಲ್ಲಿ ನೋಡು,” ಎಂದಳು ಮುದುಕಿ.

ಹೆದರಿಕೆಯಲ್ಲಿ ಲೈಲ್ ಗದರಿಬಿಟ್ಟ. “ಈ ರಸ್ತೇಲಿ ಯಾರಾದ್ರೂ ಗಾಲಿಕುರ್ಚಿ ತಳ್ಕೊಂಡು ಬರ್ತಾರೇನ್ರೀ?”

ಹೆಂಗಸು ನೆಟ್ಟಗೆ ನಿಂತಳು. ಅವಳ ಹೆಸರು ಟ್ವೈಲಾ. “ಮತ್ತೆ ಎಲ್ಲಿಂದ ಬರ್ಲಿ? ನಿಮ್ಮ ಬೇಲಿ ಹಾರಿ ಬರ್ಲಾ? ಅಮ್ಮನ್ನ ಡಯಾಲಿಸಿಸ್‌ಗೆ ಬಿಟ್ಟು ನಾನು ವೃದ್ಧಾಶ್ರಮದ ಅಡುಗೆಮನೆಗೆ ಹೋಗ್ಬೇಕು. ಬಸ್ ತಪ್ಪಿದ್ರೆ ಎರಡೂ ತಪ್ಪತ್ತೆ.”

“ಅದು ನನ್ನ ಜಾಗ. ಯಾರಾದ್ರೂ ಜಾರಿ ಬಿದ್ದು ನನ್ಮೇಲೆ ಕೋರ್ಟಿಗೆ ಹೋದ್ರೆ?”

“ಜಾರಿ ಬಿದ್ದಿದ್ದು ಈ ರಸ್ತೇಲೇ ಅಲ್ವೇನಪ್ಪ,” ಎಂದಳು ಮುದುಕಿ.

ಲೈಲ್‌ನ ಮುಖ ಕೆಂಪಾಯಿತು. “ಪುಕ್ಕಟೆ ಮನೆ ಕೊಟ್ಟೋರು ಒಂದು ವ್ಯಾನೂ ಕೊಡ್ಬೇಕಿತ್ತು.”

“ಪುಕ್ಕಟೇನಾ?” ಟ್ವೈಲಾ ನಕ್ಕಳು. ಅದು ಒಳ್ಳೆಯ ನಗುವಲ್ಲ. “ತಿಂಗಳು ತಿಂಗಳೂ ಬಾಡಿಗೆ ಕಟ್ತೀನಿ. ತೆರಿಗೆ ಬಿಟ್ಟಿರೋದು ಕಟ್ಟಡಕ್ಕೆ ದುಡ್ಡು ಹಾಕಿದ ಬ್ಯಾಂಕಿನೋರಿಗೆ. ನನ್ನ ಸಂಬಳದಲ್ಲಿ ತೆರಿಗೆ ಹಿಡ್ಕೊಂಡೇ ಕೊಡ್ತಾರೆ, ನಿಮಗೆ ಹಿಡಿಯೋ ಹಾಗೇನೇ.”

ಅಷ್ಟರಲ್ಲಿ ಬಸ್ ಹೋಗಿಬಿಟ್ಟಿತು. ಮಾರ್ಲಿಸ್ ಕಾರು ತಂದು ನಿಲ್ಲಿಸಿ, “ಹತ್ತಿ,” ಎಂದಳು. ಗಂಡನ ಕಡೆ ನೋಡಲೂ ಇಲ್ಲ.

ಮನೆಯೊಳಗೆ ಲೈಲ್‌ಗೆ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ. ಟಿವಿ ಹಾಕಿದ, ಆರಿಸಿದ. ಕಿಟಕಿಗೆ ಹೋಗಿ, ಚರಂಡಿಯ ಹಿಮದಲ್ಲಿ ಕುರ್ಚಿ ಮಗುಚಿದ ಗುರುತು ನೋಡಿದ. ಕೊನೆಗೆ ಕೋಟು ಹಾಕಿಕೊಂಡು, ಮೊಳೆ ಕೀಳುವ ಸಲಾಕೆ ಹಿಡಿದು ಹಿತ್ತಲಿಗೆ ನಡೆದ.

ಮೂರನೆಯ ಹಲಗೆ ಕೀಳುವಾಗ ಪಕ್ಕದ ಮನೆಯ ವರ್ಲಿನ್ ಬಂದ. “ಏನೋ, ಗಾಳಿಗೆ ಬಿತ್ತಾ?”

“ಇಲ್ಲ. ನಾನೇ ಕೀಳ್ತಿದ್ದೀನಿ.”

“ತಲೆ ಕೆಟ್ಟಿದೆಯಾ? ಇಡೀ ಕಾರ್ಖಾನೆ ನಿನ್ನ ಹಿತ್ತಲಿಗೆ ನುಗ್ಗತ್ತೆ!”

“ನುಗ್ಗಲಿ. ಆ ತುದಿ ಸ್ವಲ್ಪ ಹಿಡ್ಕೋ.”

ವರ್ಲಿನ್ ಹಿಡಿಯಲಿಲ್ಲ. ಜೇಬಿನಲ್ಲಿ ಕೈ ಇಟ್ಟುಕೊಂಡೇ ವಾಪಸು ಹೋದ. ಲೈಲ್ ಒಬ್ಬನೇ ಹಲಗೆಗಳನ್ನು ಎಳೆದು ಹಾಕಿ, ರಸ್ತೆಯವರೆಗೂ ಹಿಮ ಎತ್ತಿ ದಾರಿ ಮಾಡಿದ.

ಎರಡು ದಿನ ಬಿಟ್ಟು ಟ್ವೈಲಾ ತಾಯಿಯನ್ನು ತಳ್ಳಿಕೊಂಡು ಬಂದಳು. ಬೇಲಿ ಕಿತ್ತ ಜಾಗದ ಮುಂದೆ ನಿಂತು, ಅದನ್ನೂ ಲೈಲ್‌ನನ್ನೂ ಒಂದು ಗಳಿಗೆ ನೋಡಿ, ಕುರ್ಚಿಯನ್ನು ಒಳಗೆ ತಳ್ಳಿದಳು. ಥ್ಯಾಂಕ್ಸ್ ಹೇಳಲಿಲ್ಲ. ಅರ್ಧ ದಾರಿಯಲ್ಲಿ ತಿರುಗಿ, “ಹಿಮ ಕರಗೋಕೆ ಇಲ್ಲಿ ಉಪ್ಪು ಹಾಕ್ಬೇಕು ಕಣ್ರೀ, ಜಾರತ್ತೆ,” ಎಂದಳು.

“ಹಾಕ್ತೀನಿ, ಒಂದ್ನಿಮಿಷ ತಾಳಿ,” ಎನ್ನುತ್ತ ಲೈಲ್ ಉಪ್ಪಿನ ಮೂಟೆ ತರಲು ಗ್ಯಾರೇಜಿಗೆ ಓಡಿದ.