ಐದೂವರೆ ಅಡಿಯ ಕೋಲು

ಎಲ್ಜುನ್ ಬ್ಯಾಸ್ಕೆಟ್‌ಬಾಲ್ ಸ್ಟಾರ್ ಆಗುವುದಿಲ್ಲ ಎಂದು ಮೊದಲು ಹೇಳಿದವನು ಕ್ಷೌರಿಕ ಸಾಬಾಸ್. ಅದೂ ನನ್ನ ಗಂಟಲ ಮೇಲೆ ಕತ್ತಿಯಿಟ್ಟುಕೊಂಡು. ಹಾಗಿರುವಾಗ ಯಾರೂ ವಾದ ಮಾಡಬಾರದು. ನಾನು ಮಾಡಿದೆ.

"ಕುಳ್ಳರ ಲೀಗ್‌ನಲ್ಲಿ ಅವನು ರಾಜ, ನೋಂಗ್ ತೆಬಾನ್, ಒಪ್ಕೋತೀನಿ. ಆರಡಿಯವ್ರ ಮಧ್ಯೆ ಬಿಟ್ಟು ನೋಡಿ. ಕಾಲಡಿ ಸಿಕ್ಕ ಕೋಳಿಮರಿ," ಎಂದ. ನೋಂಗ್ ಎಂದರೆ ಅಣ್ಣ; ತೆಬಾನ್ ನಾನೇ.

"ಪಾಯಿಂಟ್ ಗಾರ್ಡ್‌ಗೆ ಎತ್ತರ ಯಾಕಯ್ಯಾ? ಚೆಂಡು ತಂದು ಎಲ್ಲರಿಗೂ ಹಂಚೋನು ಅವನು. ಕಣ್ಣಿದ್ರೆ ಸಾಕು."

"ಕಣ್ಣಿದೆ. ಎಡಗೈ? ಅದು ಅವನಿಗೆ ಬೆನ್ನು ಕೆರ್ಕೊಳ್ಳೋಕೆ ಮಾತ್ರ."

ನಮ್ಮ ಸೆಬು ದ್ವೀಪದ ಕಡೆ ಬೇಸಿಗೆಯಲ್ಲಿ ಎರಡು ಲೀಗ್. ಒಂದು ಐದೂವರೆ ಅಡಿಯೊಳಗಿನವರದ್ದು, ಇನ್ನೊಂದಕ್ಕೆ ಯಾರು ಬೇಕಾದರೂ ಬರಬಹುದು. ಅಂಕಣದ ಎರಡು ಕಂಬಗಳ ನಡುವೆ ಐದೂವರೆ ಅಡಿಗೆ ಅಡ್ಡಲಾಗಿ ಒಂದು ಕೋಲು ಹೊಡೆದಿರುತ್ತದೆ. ತಲೆ ತಾಗದೆ ದಾಟಿದವನು ಕುಳ್ಳರ ಲೀಗ್‌ಗೆ ಸೇರಿದ. ಇಪ್ಪತ್ತೆರಡು ವರ್ಷದಿಂದ ಆ ಕೋಲಿನ ಪಕ್ಕ ಹಾಳೆ ಹಿಡಿದು ನಿಲ್ಲುವವನು ನಾನೇ. ಸಾಬಾಸ್ ನಮ್ಮ ಊರಿನ ಎರಡೂ ತಂಡಗಳ ಕೋಚ್. ಹದಿನೇಳರ ಎಲ್ಜುನ್ ಎರಡು ವರ್ಷ ಸತತ ಕಪ್ ತಂದುಕೊಟ್ಟಿದ್ದ. ಈ ವರ್ಷ ಬೆಳೆದುಬಿಟ್ಟ. ಅದೇ ತಾಪತ್ರಯ.

ಅಳತೆಯ ಹಿಂದಿನ ದಿನ ಸಾಬಾಸ್ ಅವನ ತಲೆ ನುಣ್ಣಗೆ ಬೋಳಿಸಿದ. ಬೆಳಗಾಗುತ್ತಲೇ ಹೆಗಲ ಮೇಲೆ ಅಕ್ಕಿ ಮೂಟೆ ಹೊರಿಸಿ ಅಂಕಣ ಸುತ್ತಿಸಿದ. ಮೂಟೆ ಹೊತ್ತರೆ ಬೆನ್ನುಮೂಳೆ ಕುಗ್ಗುತ್ತದೆ ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಎಷ್ಟೋ ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದೇನೆ.

ಆದರೂ ಅರ್ಧ ಇಂಚು ಉಳಿಯಿತು.

"ಮೊಣಕಾಲು ಒಂಚೂರು ಮಡಚು, ತಮ್ಮಾ. ಚಡ್ಡಿ ಉದ್ದ ಇದೆ, ಕಾಣಲ್ಲ," ಎಂದು ಸಾಬಾಸ್ ಪಿಸುಗುಟ್ಟಿದ.

ಸುಳ್ಳು ಯಾಕೆ ಹೇಳಲಿ, ನನಗೂ ಕಪ್ ಬೇಕಿತ್ತು. "ನಾನು ಸಮುದ್ರ ನೋಡ್ತಿರ್ತೀನಿ, ಬೇಗ ದಾಟು," ಎಂದೆ.

ಎಲ್ಜುನ್ ನನ್ನನ್ನೇ ದಿಟ್ಟಿಸಿದ. "ನೋಂಗ್, ಪಾಯಿಂಟ್ ಗಾರ್ಡ್‌ಗೆ ಎತ್ತರ ಬೇಡ ಅಂತ ಊರೆಲ್ಲ ಹೇಳ್ಕೊಂಡ್ ಬಂದೋರು ನೀವೇ ತಾನೆ?"

"ನಾನೇ."

"ಮತ್ತೆ ದೊಡ್ಡವ್ರ ಜೊತೆ ಆಡೋಕೆ ನಾನ್ಯಾಕೆ ಹೆದರ್ಲಿ? ಕಾಲ್ಯಾಕೆ ಮಡಚ್ಲಿ?"

ಅವನು ನೆಟ್ಟಗೆ ನಡೆದ. ಬೋಳು ತಲೆ ಕೋಲಿಗೆ ಟಕ್ ಎಂದು ಬಡಿಯಿತು. ಉಜ್ಜಿಕೊಳ್ಳಲೂ ಇಲ್ಲ. "ತಾಗ್ತು. ಬರ್ಕೊಳ್ಳಿ," ಎಂದು ನೇರ ಪಕ್ಕದ ಮೇಜಿಗೆ ಹೋದ. ಅಲ್ಲಿ ದೊಡ್ಡವರು ಹೆಸರು ಬರೆಸುತ್ತಿದ್ದರು.

ಒಬ್ಬ ಉದ್ದನೆಯವನು ಬಗ್ಗಿ ನೋಡಿ, "ಏನೋ ಮೊಟ್ಟೆ, ನೀರು ಕೊಡೋಕೆ ಬಂದ್ಯಾ?" ಎಂದ.

"ಹ್ಞೂಂ. ನನ್ನ ಹಿಂದೆ ಓಡಿ ಸುಸ್ತಾದಾಗ ಕೇಳಿ, ಕೊಡ್ತೀನಿ."

ಅಲ್ಲಿದ್ದವರೆಲ್ಲ ನಕ್ಕರು. ಎಲ್ಜುನ್ ನಗದೆ ರುಜು ಹಾಕಿದ.

ಮೊದಲ ಪಂದ್ಯ ನಮ್ಮವರು ಹದಿನೆಂಟು ಅಂಕದಿಂದ ಸೋತರು. ಎಲ್ಜುನ್‌ನನ್ನು ನಾಲ್ಕು ಸಲ ಕೆಡವಿದರು, ಏಳು ಸಲ ಕೈಯಿಂದ ಚೆಂಡು ಕಿತ್ತುಕೊಂಡರು. ಮರುದಿನ ಕ್ಷೌರದಂಗಡಿಗೆ ಹೋದರೆ ಸಾಬಾಸ್ ಕಾಯುತ್ತಲೇ ಇದ್ದ.

"ನಾನ್ ಹೇಳ್ಲಿಲ್ವಾ?"

"ಹೇಳ್ದೆ ಮಾರಾಯ. ಅಳ್ತಾ ಬಂದ್ನಾ ನಿನ್ನ ಹತ್ರ?"

ಸಾಬಾಸ್ ಕತ್ತಿ ಮಸೆಯುವುದನ್ನು ನಿಲ್ಲಿಸಿದ. "ಇಲ್ಲ. ಶನಿವಾರದ ಆಟದಲ್ಲಿ ನನ್ನೆದುರು ಯಾರು ಅಂತ ಕೇಳ್ದ. ಆರಡಿ ಎರಡಿಂಚಿನೋನು ಅಂದೆ. ಎತ್ತರ ನನಗೇ ಕಾಣತ್ತೆ, ಅವನು ಯಾವ ಕಡೆ ತಿರುಗ್ತಾನೆ ಅದನ್ನ ಹೇಳಿ ಅಂದ."

"ಹೇಳ್ದ್ಯಾ?"

"ಹೇಳ್ದೇ ಇನ್ನೇನ್ ಮಾಡ್ಲಿ?"