ಹಿಂದಿನ ಸೀಟಿನ ಕಿವಿ

ಸೈಲೆನ್ಸರಿನ ಸದ್ದನ್ನು ಹಿಂದಿನ ಸೀಟಿನಲ್ಲಿ ಕೂತು ಕೇಳಬೇಕು, ಅದೂ ನಾಲ್ಕೂ ಗಾಜು ಏರಿಸಿ. ಇದು ಕುಶಲನ ಹಠ. ಸ್ಟೀರಿಂಗ್ ಹಿಡಿದವನಿಗೆ ತನ್ನ ಗಾಡಿಯ ಸದ್ದು ಯಾವತ್ತೂ ಚಂದವೇ, ಅವನ ಮಾತು ನಂಬಬಾರದು ಎನ್ನುತ್ತಿದ್ದ. ಹಾಗಾಗಿ ತುರ್ಭೆಯ ಅವರ ಗ್ಯಾರೇಜಿನಲ್ಲಿ ಯಾವ ಹಳೇ ಗಾಡಿಗೆ ಹೊಸ ಪೈಪು ಬಿದ್ದರೂ ತಮ್ಮ ಲೀಲಾಧರ ಓಡಿಸಬೇಕು, ಅಣ್ಣ ಕುಶಲ ಹಿಂದೆ ಕಣ್ಣು ಮುಚ್ಚಿ ಕೂರಬೇಕು. ಸಾನಪಾಡಾದಿಂದ ಪಾಮ್ ಬೀಚ್ ರಸ್ತೆ ಹಿಡಿದು ಬೇಲಾಪುರ ಮುಟ್ಟುವುದರೊಳಗೆ ತೀರ್ಪು ಬಂದುಬಿಡುತ್ತಿತ್ತು.

"ಮೂರನೇ ಗೇರಿನಲ್ಲಿ ಗುಂಯ್ ಅಂತ ಉಂಟು ಮಾರಾಯ. ಬಿಚ್ಚು."

ಬಿಚ್ಚಬೇಕು, ಅಷ್ಟೇ. ಗಿರಾಕಿ ಬಾಯಿ ಬಡಿದುಕೊಂಡರೂ ಕುಶಲ ಕೇಳುವ ಪೈಕಿಯಲ್ಲ.

ಅವರ ಹೆಸರು ನಡೆದದ್ದು ಹೆಡರ್‌ಗಳಿಂದ. ಎಂಜಿನ್ನಿನ ಹೊಗೆ ಹೊರಬೀಳುವ ಬಾಯಿಗೆ ಕಂಪನಿಯವರು ಬೀಡುಕಬ್ಬಿಣದ ಒಂದು ಮುದ್ದೆ ಕೂರಿಸಿರುತ್ತಾರೆ. ಅದನ್ನು ಕಿತ್ತೆಸೆದು, ನಾಲ್ಕು ಪೈಪು ಬಗ್ಗಿಸಿ, ನಾಲ್ಕನ್ನೂ ಒಂದೇ ಉದ್ದಕ್ಕೆ ತಂದು ಕೊನೆಗೆ ಒಂದರಲ್ಲಿ ಸೇರಿಸಿದರೆ ಅದು ಹೆಡರ್. ಹೇಳುವುದಕ್ಕೆ ಸುಲಭ. ಮಾಡಲು ಕೂತವನಿಗೆ ಗೊತ್ತು ಅದರ ಕಷ್ಟ! ಆದರೆ ಸರಿಯಾಗಿ ಕೂತಿತೋ, ಏದುಸಿರು ಬಿಡುತ್ತಿದ್ದ ಮುದಿ ಗಾಡಿಯೂ ಘಾಟಿಯನ್ನು ಸಲೀಸಾಗಿ ಏರುತ್ತದೆ.

ಕುಶಲ ಕೊನೆಯದಾಗಿ ಕೈಹಾಕಿದ್ದು ತಮ್ಮ ಸ್ವಂತ ಗಾಡಿಯ ಹೆಡರಿಗೆ. ಹದಿನೈದು ವರ್ಷ ಹಳೆಯ ಎಸ್ಟೀಮ್ ಕಾರು ಅದು. ಎರಡು ಪೈಪಿಗೆ ವೆಲ್ಡ್ ಮಾಡಿ, ಚಾ ತರಿಸು ಎಂದು ಕೈ ತೊಳೆಯಲು ಎದ್ದವನು ನಲ್ಲಿಯ ಹತ್ತಿರ ಕುಸಿದು ಕೂತ. ಚಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ; ಅವನಿಗಿದ್ದದ್ದು ತಮ್ಮ, ತಮ್ಮನ ಹೆಂಡತಿ ಅಮಿತಾ, ಮತ್ತೆ ಈ ಪೈಪುಗಳು. ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ಉಳಿದ ಎರಡು ಪೈಪನ್ನು ಲೀಲಾಧರ ಸೇರಿಸಿದ. ಹೆಡರನ್ನು ಕೂರಿಸಿ, ಗಾಜು ಏರಿಸಿ, ಒಬ್ಬನೇ ಗಾಡಿಯನ್ನು ಪಾಮ್ ಬೀಚ್ ರಸ್ತೆಗೆ ಬಿಟ್ಟ.

ನೆರೂಳ್ ದಾಟುತ್ತಿದ್ದ ಹಾಗೆ ಹಿಂದಿನಿಂದ ಮಾತು ಕೇಳಿಸಿತು. "ಮೂರನೇ ಪೈಪು ಒಂದು ಕೂದಲು ಉದ್ದ ಆಯ್ತಲ್ಲ ಲೀಲ."

ಕನ್ನಡಿಯಲ್ಲಿ ನೋಡಿದ. ಕುಶಲ ಕೂತಿದ್ದ. ಗ್ರೀಸು ಮೆತ್ತಿದ ಅದೇ ನೀಲಿ ಅಂಗಿ, ಕಣ್ಣು ಮುಚ್ಚಿದೆ, ಗಲ್ಲ ಎದೆಗೆ ತಾಗಿದೆ. ಲೀಲಾಧರನಿಗೆ ಹೆದರಿಕೆ ಆಗಲಿಲ್ಲ. ಅಯ್ಯೋ ಬಂದೆಯಾ ಅಣ್ಣ ಎಂದ. ಬೇಲಾಪುರದ ಸಿಗ್ನಲ್ಲಿನಲ್ಲಿ ಗಾಜು ಇಳಿಸಿದ. ಹೊರಗಿನ ಗಾಳಿ ಬಂತು, ಹಿಂದಿನ ಸೀಟು ಖಾಲಿಯಾಯಿತು. ತಲೆ ಮಾತ್ರ ಸುತ್ತಿಗೆಯಲ್ಲಿ ಬಡಿದಂತೆ ನೋಯುತ್ತಿತ್ತು.

ಅವನೇನು ದಡ್ಡನಲ್ಲ. ಇಪ್ಪತ್ತು ವರ್ಷದಿಂದ ಹೊಗೆಯ ಜೊತೆ ಸಂಸಾರ ಮಾಡಿದವನು. ಹೆಡರಿನಲ್ಲಿ ಸಣ್ಣದೊಂದು ಬಿರುಕಿದ್ದರೂ ವಿಷದ ಗ್ಯಾಸು ಒಳಗೆ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಬರಿಸಿ, ಇಲ್ಲದ್ದನ್ನೆಲ್ಲ ಕಾಣಿಸಿ, ಆಮೇಲೆ ನಿದ್ದೆಯಲ್ಲೇ ಮುಗಿಸುತ್ತದೆ ಎಂದು ಗಿರಾಕಿಗಳಿಗೆ ಬೈದು ಹೇಳುತ್ತಿದ್ದವನೇ ಅವನು. ಬಿರುಕು ಹುಡುಕಿ ವೆಲ್ಡ್ ಹೊಡೆದರೆ ಅರ್ಧ ಗಂಟೆಯ ಕೆಲಸ. ಆದರೆ ಮುಚ್ಚಿದರೆ ಅಣ್ಣ ಬರುವುದಿಲ್ಲ. ಆದ್ದರಿಂದ ಮಹರಾಯ ಬಾನೆಟ್ಟನ್ನೇ ಎತ್ತಲಿಲ್ಲ. ನಾಳೆ ನೋಡುವ, ನಾಡಿದ್ದು ನೋಡುವ ಎಂದು ದಿನ ದೂಡಿದ. ಬೇಕೆಂದಾಗ ಮುಚ್ಚುವುದು ತನ್ನ ಕೈಯಲ್ಲೇ ಇದೆಯಲ್ಲ ಎಂಬ ಧೈರ್ಯ ಬೇರೆ.

ಬೇಲಾಪುರದಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ ಚಿನ್ಮಯ್ ಒಂದು ದಿನ ಬಂದ. ತನ್ನ ಹಳೇ ಗಾಡಿಗೂ ಇಂಥದ್ದೇ ಹೆಡರ್ ಬೇಕು, ಮೊದಲು ಸದ್ದು ಕೇಳಬೇಕು ಎಂದು ಎಸ್ಟೀಮಿನ ಹಿಂದಿನ ಬಾಗಿಲಿಗೆ ಕೈಹಾಕಿದ.

"ಹಿಂದೆ ಬೇಡ, ಮುಂದೆ ಕೂತ್ಕೊಳ್ಳಿ," ಎಂದ ಲೀಲಾಧರ.

"ಯಾಕಣ್ಣ, ಹಿಂದೆ ಯಾರಾದ್ರೂ ಬರ್ತಾರಾ?"

ಲೀಲಾಧರ ಮುಂದಿನ ಬಾಗಿಲು ತೆರೆದುಕೊಟ್ಟ. ಗಾಜು ಏರಿಸಿ ಒಂದು ಸುತ್ತು ಹಾಕಿ ಬಂದಾಗ ಚಿನ್ಮಯನ ಮುಖ ಬಿಳಿಚಿಕೊಂಡಿತ್ತು. ಇಳಿದವನೇ ಗೋಡೆ ಹಿಡಿದು ನಿಂತ. "ಒಳಗಡೆ ಗ್ಯಾಸ್ ಬರ್ತಾ ಇದೆ ಲೀಲಣ್ಣ. ತಲೆ ಸಿಡೀತಿದೆ ನಂಗೆ. ಮೊದ್ಲು ಲೀಕ್ ನೋಡ್ಸಿ, ಸುಮ್ನೆ ಸತ್ತೋಗ್ತೀರ."

"ನನಗೆ ಗೊತ್ತುಂಟು," ಎಂದ ಲೀಲಾಧರ. ಚಿನ್ಮಯ್ ಆಮೇಲೆ ಆ ಕಡೆ ತಲೆಹಾಕಲಿಲ್ಲ.

ಅಂದಿನಿಂದ ಲೀಲಾಧರ ಒಂದು ಕಟ್ಟುಪಾಡು ಇಟ್ಟುಕೊಂಡ. ಗಾಜು ಏರಿಸುವುದು ತಾನೊಬ್ಬನೇ ಇದ್ದಾಗ ಮಾತ್ರ, ಅದೂ ಬೇಲಾಪುರದವರೆಗೆ ಮಾತ್ರ. ಇಳಿಸಲು ಹೋದಾಗಲೆಲ್ಲ ಕುಶಲ ಹಿಂದಿನಿಂದ, "ಇರಲಿ ಬಿಡು, ಸದ್ದು ಕೇಳುವುದಿಲ್ಲ," ಎನ್ನುತ್ತಿದ್ದ. ಹಾಗೆ ಹೇಳುವುದು ಈಚೀಚೆಗೆ ಜಾಸ್ತಿಯಾಗಿತ್ತು.

ಹೀಗಿರುವಾಗ ಡೊಂಬಿವಿಲಿಯಲ್ಲಿ ಅಮಿತಾಳ ತಂಗಿಯ ಸೀಮಂತ ಬಂತು. ರೈಲಿನಲ್ಲಿ ಹೋಗುವ ಎಂದ ಲೀಲಾಧರ. ಅಮಿತಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಈ ಸೀರೆ ಉಟ್ಟುಕೊಂಡು ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವುದಾ? ಎಂತ ಮಾರ್ರೆ ನೀವು! ಮನೆಯಲ್ಲಿ ಕಾರು ಉಂಟು, ಅದನ್ನು ನೋಡಲಿಕ್ಕೆ ಇಟ್ಟದ್ದಾ?"

ಹೋಗುವಾಗ ನಾಲ್ಕೂ ಗಾಜು ಇಳಿಸಿಯೇ ಓಡಿಸಿದ. ಏನೂ ಆಗಲಿಲ್ಲ. ಸಂಜೆ ಬರುವಾಗ ಶಿಳ್‌ಫಾಟಾದ ಕೂಡುರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುಖಕ್ಕೆಲ್ಲ ಧೂಳು. ಅಮಿತಾ ಥೂ ಎಂದು ತನ್ನ ಕಡೆಯ ಗಾಜು ಏರಿಸಿದಳು, ಮೈಮೇಲೆ ಬಾಗಿ ಅವನ ಕಡೆಯದ್ದನ್ನೂ ಹಿಂದಿನ ಎರಡನ್ನೂ ಏರಿಸಿದಳು, ಏಸಿ ಹಾಕಿದಳು. ಐದೇ ನಿಮಿಷ ಅಂದುಕೊಂಡ ಲೀಲಾಧರ.

"ಮಲಗಿದಳು ಪಾಪ," ಎಂದ ಹಿಂದಿನಿಂದ ಕುಶಲ. "ಎಬ್ಬಿಸಬೇಡ."

ಅಮಿತಾಳ ತಲೆ ಗಾಜಿಗೆ ಒರಗಿತ್ತು. "ಗ್ಲಾಸು ಇಳಿಸ್ತೇನೆ ಅಣ್ಣ," ಎಂದ ಲೀಲಾಧರ. ಕೈ ಏಳಲಿಲ್ಲ.

"ಯಾಕೆ? ಈಗ ನೋಡು ಸದ್ದು ಎಷ್ಟು ಚಂದ ಉಂಟು. ಗುಂಯ್ ಇಲ್ಲ, ಕಿರಿಕಿರಿ ಇಲ್ಲ. ಹೀಗೇ ಹೋಗುವ, ಮೂರೂ ಜನ."

ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ ಲೀಲಾಧರನಿಗೆ ಸುಖವಾಗಿತ್ತು. ಅಣ್ಣ ಹಿಂದೆ, ಹೆಂಡತಿ ಪಕ್ಕದಲ್ಲಿ, ಇನ್ನೇನು ಬೇಕು? ಮುಂದಿನ ಲಾರಿ ಎಷ್ಟೋ ದೂರ ಹೋಗಿತ್ತು, ಹಿಂದಿನವರು ಹಾರ್ನ್ ಒತ್ತುತ್ತಿದ್ದರು. ಅದೆಲ್ಲ ಬೇರೆ ಯಾರಿಗೋ ಎಂಬಂತೆ ಕೇಳುತ್ತಿತ್ತು. ಅಷ್ಟರಲ್ಲಿ ಅಮಿತಾಳ ಕೈ ಮಡಿಲಿನಿಂದ ಜಾರಿ ಗೇರಿಗೆ ಬಡಿಯಿತು, ಬಳೆಯೊಂದು ಒಡೆಯಿತು. ಅವನು ಆ ಕೈ ಹಿಡಿದ. ಒದ್ದೆ ಬಟ್ಟೆಯ ಹಾಗೆ ಜೋತಾಡಿತು. ತುಟಿ ಬಣ್ಣ ಹಚ್ಚಿದಂತೆ ಕೆಂಪಾಗಿತ್ತು. ಅಮಿತಾ ಯಾವತ್ತೂ ತುಟಿಗೆ ಬಣ್ಣ ಹಚ್ಚಿದವಳಲ್ಲ.

ಕನ್ನಡಿ ನೋಡಿದ. ಕುಶಲ ಮೊದಲ ಸಲ ಕಣ್ಣು ತೆರೆದಿದ್ದ.

"ಬಿಡು ಲೀಲ," ಎಂದ. ತುಂಬ ಅಕ್ಕರೆಯಿಂದ ಹೇಳಿದ.

ಲೀಲಾಧರ ಬಾಗಿಲು ಒದ್ದು ಹೊರಗೆ ಬಿದ್ದ. ಮೊಣಕಾಲು ಕೆತ್ತಿಹೋದದ್ದು ಗೊತ್ತಾಗಲಿಲ್ಲ. ಆ ಕಡೆ ಓಡಿ ಅಮಿತಾಳನ್ನು ಎಳೆದು ರಸ್ತೆ ಬದಿಗೆ ಮಲಗಿಸಿದ, ಹೆಸರು ಹಿಡಿದು ಕಿರುಚಿದ. ಲಾರಿಯವನೊಬ್ಬ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದ. ಆಕ್ಸಿಜನ್ ಹಾಕಿ ಡಾಕ್ಟರು ಚೆನ್ನಾಗಿ ಬೈದರು. "ಪಹಲೇ ಗಾಡೀ ಠೀಕ್ ಕರೋ ಭಾಯಿಸಾಬ್. ಔರ್ ದಸ್ ಮಿನಿಟ್ ಹೋತಾ ತೋ ಯೇ ನಹೀ ಬಚ್ತೀ." ಇನ್ನು ಹತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲವಂತೆ, ಆದರೆ ಅಮಿತಾ ಬದುಕಿದಳು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ನಿಮ್ಮ ಮೊಣಕಾಲಿಗೆ ಎಂತ ಆಯ್ತು?" ಲೀಲಾಧರ ಅವಳ ಕಾಲಬುಡದಲ್ಲಿ ತಲೆಯಿಟ್ಟು ಅತ್ತ.

ಅವಳು ಮನೆಗೆ ಬಂದ ಮೇಲೆ ಅವನು ಎಸ್ಟೀಮನ್ನು ಗ್ಯಾರೇಜಿಗೆ ಎಳೆಸಿ ತಂದು ಜಾಕಿನ ಮೇಲೆ ಏರಿಸಿದ. ಸಾಕು, ಇವತ್ತು ಮುಚ್ಚಿಬಿಡುವುದೇ. ಎಂಜಿನ್ನು ತಣ್ಣಗಿತ್ತು. ಹಿಂದಿನ ಪೈಪಿನ ಬಾಯಿಗೆ ಕಂಪ್ರೆಸರಿನ ಗಾಳಿ ಕೊಟ್ಟು, ಸುತ್ತ ಬಟ್ಟೆ ತುರುಕಿ, ಹೆಡರಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದ. ಬಿರುಕು ಎಲ್ಲಿದೆಯೋ ಅಲ್ಲಿ ಗುಳ್ಳೆ ಏಳಬೇಕು. ಏಳಲಿಲ್ಲ. ಮತ್ತೆ ಬಳಿದ. ಗ್ಯಾಸ್ಕೆಟ್ಟಿಗೆ ಬಳಿದ, ತಳದ ಪೈಪಿಗೆ ಬಳಿದ, ಸೈಲೆನ್ಸರಿಗೂ ಬಳಿದ. ಒಂದೇ ಒಂದು ಗುಳ್ಳೆಯಿಲ್ಲ. ಗಾಡಿ ಎಲ್ಲೂ ಸೋರುತ್ತಿರಲಿಲ್ಲ.

ಇಷ್ಟು ದಿನ ಲೀಲಾಧರ ಬಿರುಕನ್ನು ನಂಬಿದ್ದ. ಒಂದು ವೆಲ್ಡ್ ಹೊಡೆದರೆ ಸಾಕು, ಅಣ್ಣನಿಗೆ ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ ಎಂದುಕೊಂಡಿದ್ದ. ಈಗ ಮುಚ್ಚುವುದಕ್ಕೆ ಏನೂ ಇಲ್ಲ. ಕಂಪ್ರೆಸರ್ ಆರಿಸಿದ, ಬಟ್ಟೆ ಕಿತ್ತ, ಗಾಳಿಯ ಪೈಪು ಸುತ್ತಿಟ್ಟ. ಆಮೇಲೆ ಕಾರಿನಡಿ ನೆಲದ ಮೇಲೆ ಮಲಗಿ, ಮನೆಯ ತುಳುವಿನಲ್ಲೇ ಮಾತಾಡಿದ.

"ಅಣ್ಣ, ಅವಳು ಸಾಯ್ತಿದ್ದಳು. ನೀನು ನೋಡ್ತಾ ಕೂತಿದ್ದೆ. ನಿನಗೆ ಒಬ್ಬನಿಗೇ ಬೇಜಾರು, ಅದು ನನಗೆ ಗೊತ್ತುಂಟು. ನನಗೂ ನೀನಿಲ್ಲದೆ ಆಗುವುದಿಲ್ಲ. ಆದರೆ ನಾವು ಬರುವುದಿಲ್ಲ ಅಣ್ಣ. ನೀನೂ ಇನ್ನು ಬರಬೇಡ."

ಗ್ಯಾರೇಜು ಸುಮ್ಮನಿತ್ತು. ಎಂಜಿನ್ನಿಲ್ಲ, ಗಾಳಿಯಿಲ್ಲ. ಎರಡನೇ ಪೈಪಿನ ಜೋಡಣೆಯ ಮೇಲೆ, ಕುಶಲ ತನ್ನ ಕೈಯಾರೆ ವೆಲ್ಡ್ ಮಾಡಿದ್ದ ಜಾಗದಲ್ಲಿ, ಸೋಪಿನ ಗುಳ್ಳೆಯೊಂದು ಎದ್ದಿತು. ನಿಂಬೆಹಣ್ಣಿನಷ್ಟು ಉಬ್ಬಿತು, ಇಳಿಯಿತು, ಮತ್ತೆ ಮೆಲ್ಲಗೆ ಉಬ್ಬಿತು. ಯಾರೋ ಉಸಿರಾಡುತ್ತಿದ್ದರು.

ಅಣ್ಣನ ವೆಲ್ಡಿನ ಮೇಲೆ ಲೀಲಾಧರ ಜೀವಮಾನದಲ್ಲಿ ಕೈ ಹಾಕಿದವನಲ್ಲ. ಗುಳ್ಳೆ ಮೂರನೆಯ ಸಲ ಏಳುವುದನ್ನು ನೋಡಿದ. ಮುಖಕ್ಕೆ ಮಾಸ್ಕ್ ಎಳೆದುಕೊಂಡು, ಅದರೊಳಗೇ ಗಟ್ಟಿಯಾಗಿ ಅಳುತ್ತ, ಆ ಜೋಡಣೆಯ ಸುತ್ತ ಒಂದು ಸುತ್ತು ಪೂರ್ತಿ ವೆಲ್ಡ್ ಹೊಡೆದ.